ಚಂಚಿಯೊಳಗಿನ ಗುಳಿಗೆ

ಪ್ರತಿ ವರ್ಷ ನಮ್ಮೂರ ವಾಚನಾಲಯದ ಪುಸ್ತಕಕ್ಕೆ ಮಾಸ್ತರರು ನನ್ನ ಕಡೆಯಿಂದ ಹಾಡು ಕೇಳುತ್ತಾರೆ. ಒಂದು ವರ್ಷ ಬೀಸುವ ಪದ ಬರೆಸಿಕೊಂಡರು, ಮತ್ತೊಂದು ವರ್ಷ ಗುಳ್ಳವ್ವನ ಪದ. ಈ ಸಲ ನಾನೇ ಅಂದೆ, "ಮಾಸ್ತರ, ಈ ವರ್ಷ ಪದ ಬ್ಯಾಡ್ರಿ. ನನಗ ಬಂದ ಬ್ಯಾನಿ ಬಗ್ಗೆ ಬರದು ಕೊಡ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ ಅವ್ವಾರ, ಅದೂ ಬೇಕು" ಅಂದರು. ನಾನು ಕಲಿತದ್ದು ಏಳನೇ ಇಯತ್ತೆ, ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ. ಬರೆಯುವ ರೂಢಿ ಇಲ್ಲ. ಹಾಡುವಾಗ ತಪ್ಪಿದರೆ ಹಿಂದಿನವರು ಎತ್ತಿಕೊಡುತ್ತಾರೆ, ಬರೆಯುವಾಗ ಯಾರೂ ಇರುವುದಿಲ್ಲ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ನನಗೀಗ 64 ವರ್ಷ. ಅಕ್ಕಲಕೋಟ ತಾಲೂಕಿನಲ್ಲಿ ಬೋರಿ ಹೊಳೆಯ ಕಡೆಗೆ ನಮ್ಮದು ನಾಲ್ಕು ಎಕರೆ ಹೊಲ. ತೊಗರಿ, ಉದ್ದು, ಜೋಳ, ನೀರಿದ್ದ ವರ್ಷ ಉಳ್ಳಾಗಡ್ಡಿ. ಹೊಲದ ಕೆಲಸ ಬಿಟ್ಟರೆ ನನಗೆ ಹಾಡು. ಮದುವೆ, ಕುಬಸ, ತೊಟ್ಟಿಲು, ಗುಡಿಯ ಭಜನೆ, ಎಲ್ಲಿ ಕರೆದರೂ ಹೋಗುತ್ತೇನೆ. ಅತ್ತ ಇಂಡಿ, ಅಫಜಲಪುರದವರೆಗೂ ಹೋಗಿ ಹಾಡಿ ಬಂದಿದ್ದೇನೆ.

ಈಗ ಹೇಳುವುದನ್ನು ಗಂಡಸರ ಮುಂದೆ ಹೇಳುವುದಿಲ್ಲ ಅನ್ನುವುದು ನಮ್ಮ ಕಡೆ ರೂಢಿ. ಆ ರೂಢಿಯಿಂದಲೇ ನಾನು ಸಾಯುವ ತನಕ ಹೋಗಿ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಉರಿಮೂತ್ರದ ತ್ರಾಸು ಇತ್ತು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಕಳೆ ತೆಗೆಯುವಾಗ ಅತ್ತಿತ್ತ ಗಂಡಾಳು ಇರುತ್ತಾರೆ, ಕೂಡಲು ಮರೆ ಇರುವುದಿಲ್ಲ. ಏಳಬಾರದು ಅಂತ ನೀರನ್ನೇ ಕಡಿಮೆ ಕುಡಿಯುತ್ತೇವೆ. ಹಾಡಲು ಹೋದಾಗಲೂ ಹಾಗೇ. ರಾತ್ರಿ ಹತ್ತಕ್ಕೆ ಕೂತರೆ ಬೆಳಗಿನ ತನಕ, ಗುಡಿಯ ಮುಂದೆ, ನೂರಾರು ಮಂದಿಯ ನಡುವೆ. ತಡಕೊಂಡು ಕೂಡುವುದು. ನಮ್ಮವ್ವನೂ ಹೀಗೇ ಮಾಡಿದಳು, ನಾನೂ ಮಾಡಿದೆ.

ಒಂದೇ ವರ್ಷದಲ್ಲಿ ನಾಲ್ಕು ಸಲ ಬಂತು. ಉರಿ, ಚಳಿಜ್ವರ, ಕೆಳಹೊಟ್ಟೆ ನೋವು. ತಾಲೂಕಿನ ಊರಿನ ಒಬ್ಬ ಡಾಕ್ಟರರು ಪ್ರತಿ ಸಲ ಏಳು ದಿನದ ಗುಳಿಗೆ ಕೊಟ್ಟರು, ಗುಣವಾಯಿತು. ನಾಲ್ಕನೇ ಸಲಕ್ಕೆ ಅವರು ಅಂದರು, "ಪದೇ ಪದೇ ಬರಾಕತ್ತದ. ಇನ್ನ ರಾತ್ರಿ ಮಲಗುವಾಗ ಇದೊಂದು ಗುಳಿಗಿ ತಗೋರಿ. ಮೂರು ತಿಂಗಳಾದ ಮ್ಯಾಲೆ ಬಂದು ತೋರಸ್ರಿ." ಇದು 2021ರ ಸಂಕ್ರಮಣದ ಹೊತ್ತಿನ ಮಾತು.

ನಾನು ಮೂರು ತಿಂಗಳಾದ ಮೇಲೆ ಹೋಗಲಿಲ್ಲ. ಯಾಕೆ ಹೋಗಬೇಕು? ಬ್ಯಾನಿ ನಿಂತಿತ್ತು. ಹೋದರೆ ಬಸ್ಸಿನ ರೊಕ್ಕ, ಡಾಕ್ಟರರ ಫೀ, ಒಂದು ದಿನದ ಕೂಲಿ. ಹಳೆಯ ಚೀಟಿ ತೋರಿಸಿದರೆ ಔಷಧದ ಅಂಗಡಿಯವರು ಗುಳಿಗೆ ಕೊಡುತ್ತಿದ್ದರು. ಆಮೇಲಾಮೇಲೆ ಚೀಟಿಯನ್ನೂ ಕೇಳಲಿಲ್ಲ, ಖಾಲಿ ಪಾಕೀಟು ತೋರಿಸಿದರೆ ಸಾಕಾಗುತ್ತಿತ್ತು. ಅದನ್ನು ನನ್ನ ಎಲೆಅಡಿಕೆಯ ಚಂಚಿಯಲ್ಲಿ ಇಡುತ್ತಿದ್ದೆ. ಮನೆಯವರು ನೋಡಿದರೂ ಬೀಪಿ ಗುಳಿಗೆ ಅಂತ ತಿಳಿದಿದ್ದರು. ನಾನೂ ಅಲ್ಲ ಅನ್ನಲಿಲ್ಲ. ಹೀಗೆ ಒಂದಲ್ಲ ಎರಡಲ್ಲ, 20 ತಿಂಗಳು.

ಆ ಗುಳಿಗೆಯನ್ನು ನಾನು ಬೈಯುವುದಿಲ್ಲ. ಆ 20 ತಿಂಗಳಲ್ಲಿ ಒಂದು ಸಲವೂ ಉರಿ ಬರಲಿಲ್ಲ. ಹೆದರಿಕೆ ಇಲ್ಲದೆ ಹಾಡಿಗೆ ಕೂತೆ. ಒಂದೇ ಒಂದು, ಮೂತ್ರದ ಬಣ್ಣ ಕೆಂಪುಹಳದಿ ಆಗುತ್ತಿತ್ತು. "ಆ ಗುಳಿಗಿಗೆ ಹಂಗ ಆಗ್ತದ, ಅಂಜಬ್ಯಾಡ್ರಿ" ಅಂತ ಅಂಗಡಿಯವರು ಮೊದಲೇ ಹೇಳಿದ್ದರು. ಅದು ಖರೆ. ಆದರೆ ಅದೇ ಮಾತು ಮುಂದೆ ನನಗೆ ಮುಳುವಾಯಿತು. ಕಾಮಣಿ ಆದಾಗಲೂ ಮೂತ್ರ ಹಂಗೇ ಕಪ್ಪಾಗುತ್ತದೆ. ನನಗೆ ಕಾಮಣಿ ಸುರುವಾದಾಗ, ಇದು ಗುಳಿಗೆಯ ಬಣ್ಣ ಅಂತ ಸುಮ್ಮನಿದ್ದೆ.

2022ರ ಶ್ರಾವಣದಲ್ಲಿ ಊಟ ರುಚಿ ಕೆಟ್ಟಿತು. ರೊಟ್ಟಿ ಬಾಯಿಗಿಟ್ಟರೆ ಮಣ್ಣು ಕಡಿದಂತೆ. ಮೈಯೆಲ್ಲ ತುರಿಕೆ. ಗಣಪತಿ ಹಬ್ಬದ ಭಜನೆಯಲ್ಲಿ ಎರಡು ಪದ ಹಾಡುವುದರೊಳಗೆ ಉಸಿರು ಸಾಲದೆ ತಾಳ ಪಕ್ಕದವಳ ಕೈಗೆ ಕೊಟ್ಟೆ. ಅದಾಗಿ ನಾಲ್ಕು ದಿನಕ್ಕೆ ಉದ್ದು ಕೀಳುವಾಗ ಸೊಸೆ ನನ್ನ ಮುಖ ನೋಡಿ, "ಅತ್ತಿ, ನಿಮ್ಮ ಕಣ್ಣು ಅರಿಷಿಣ ಆಗ್ಯಾವ" ಅಂದಳು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಾಜೂ ಊರಿನಲ್ಲಿ ಕಾಮಣಿಗೆ ಔಷಧ ಕೊಡುವವರಿದ್ದಾರೆ. ರವಿವಾರ ಹೋಗಿ ಖಾಲಿ ಹೊಟ್ಟೆಯಲ್ಲಿ ಮಜ್ಜಿಗೆಯ ಸಂಗಟ ಸೊಪ್ಪಿನ ರಸ ಕುಡಿದು ಬಂದೆ. ಉಪ್ಪು ಬಿಟ್ಟೆ, ಎಣ್ಣೆ ಬಿಟ್ಟೆ. ಎರಡು ರವಿವಾರ ಆಯಿತು. ಕಣ್ಣಿನ ಹಳದಿ ಮೈಗೆ ಇಳಿಯಿತು. ಮಗ ಕೂಡಿಸಿಕೊಂಡು ಸೋಲಾಪುರದ ದವಾಖಾನೆಗೆ ಒಯ್ದ.

ಅಲ್ಲಿ ರಕ್ತ ತೆಗೆದರು. ಹಳದಿಯ ಅಳತೆ, ಬಿಲಿರುಬಿನ್ ಅನ್ನುತ್ತಾರೆ, ಒಂದರ ಸುತ್ತಮುತ್ತ ಇರಬೇಕಾದದ್ದು 9.4 ಇತ್ತು. ಎಸ್‌ಜಿಪಿಟಿ ಅಂತ ಇನ್ನೊಂದು. ಅದು ಲಿವರಿನ ಒಳಗೆ ಇರುವ ವಸ್ತು. ಲಿವರ್ ಒಡೆದಾಗ ರಕ್ತಕ್ಕೆ ಸುರಿಯುತ್ತದೆ. ಸುಮಾರು 40ರ ಒಳಗೆ ಇರಬೇಕಾದದ್ದು ನನಗೆ 780. ಕಾಮಣಿ ತರುವ ಎ, ಬಿ, ಸಿ, ಇ ಅನ್ನುವ ವೈರಸ್ಸುಗಳನ್ನು ಹುಡುಕಿದರು, ಒಂದೂ ಸಿಗಲಿಲ್ಲ. ಹೊಟ್ಟೆಯ ಸೋನೊಗ್ರಾಫಿ ಮಾಡಿದರು, ಹರಳೂ ಇಲ್ಲ, ಗಂಟೂ ಇಲ್ಲ.

ಊರಲ್ಲಿ ಆಗಲೇ ಮಾತು ಹುಟ್ಟಿತ್ತು. ನಮ್ಮ ಕಡೆ ಲಿವರ್ ಕೆಟ್ಟಿತು ಅಂದರೆ ಶೆರೆ ಅಂತಲೇ ಅರ್ಥ. "ರಾತ್ರಿಯೆಲ್ಲಾ ಹಾಡಾಕ ಹೋಗ್ತಾಳ, ಯಾರಿಗೆ ಗೊತ್ತು" ಅಂತ ಯಾರೋ ಅಂದರಂತೆ. ನನ್ನ ಮಗನ ಕಿವಿಗೂ ಬಿತ್ತು. ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವಳಲ್ಲ. ಮೈಯ ಬ್ಯಾನಿಗಿಂತ ಆ ಮಾತು ಹೆಚ್ಚು ಸುಟ್ಟಿತು.

ಡಾಕ್ಟರರು ಹುಡುಗ ವಯಸ್ಸಿನವರು, ಒಳ್ಳೆಯವರು. ಮೊದಲನೇ ದಿನವೇ ಕೇಳಿದ್ದರು, "ಆಜಿ, ಗೋಳ್ಯಾ ಕುಠಲ್ಯಾ ಘೇತಾ?" ಯಾವ ಗುಳಿಗೆ ತಗೋತೀರಿ ಅಂತ. ಮರಾಠಿ ನನಗೆ ತಿಳಿಯುತ್ತದೆ, ಸಂತೆಯ ಮಟ್ಟಿಗೆ ಮಾತಾಡುತ್ತೇನೆ. ಆದರೆ ಪಕ್ಕದಲ್ಲಿ ಮಗ ನಿಂತಿದ್ದ. ಹಾಸಿಗೆಯ ಆಚೆ ಬೇರೆ ಪೇಶಂಟಿನ ಗಂಡಸರು. ಆ ಜಾಗದ ಬ್ಯಾನಿಯ ಗುಳಿಗೆ ಅಂತ ಹೇಗೆ ಹೇಳಲಿ? ಬೀಪಿ ಗುಳಿಗೆ ಒಂದೇ ಅಂದೆ. ಸೊಪ್ಪಿನ ರಸ ಕುಡಿದದ್ದನ್ನು ಮಾತ್ರ ಹೇಳಿದೆ. ಅದರಲ್ಲಿ ನಾಚಿಕೆ ಇರಲಿಲ್ಲ ನೋಡಿ. ಅವರು ಅದನ್ನು ಬರೆದುಕೊಂಡರು. ಸೊಪ್ಪು, ಬೇರಿನ ಔಷಧದಿಂದಲೂ ಲಿವರ್ ಕೆಡುವುದುಂಟಂತೆ. ಆದರೆ ಕಣ್ಣು ಹಳದಿ ಆದ ಮೇಲೆ ಕುಡಿದದ್ದು, ಮೊದಲೇ ಬಂದದ್ದಕ್ಕೆ ಅದು ಕಾರಣ ಆಗಲಾರದು ಅಂದರು.

ಆಮೇಲೆ ಬೇರೆ ರಕ್ತ ತಪಾಸಣೆಗೆ ಕಳಿಸಿದರು. ಎಎನ್‌ಎ ಅಂತ ಒಂದು, ಸ್ಮೂತ್ ಮಸಲ್ ಆಂಟಿಬಾಡಿ ಅಂತ ಒಂದು. ಎರಡೂ ಪಾಸಿಟಿವ್ ಬಂದವು. ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಲಿವರಿನ ಎಳೆಯಷ್ಟು ಚೂರು ತೆಗೆದು ನೋಡಿದರು. ರಿಪೋರ್ಟು ಬಂದ ಮೇಲೆ ಡಾಕ್ಟರರು ಒಬ್ಬ ನರ್ಸ್ ಬಾಯಿಯನ್ನು ಕರಕೊಂಡು ಬಂದರು. ಆಕೆ ಆಳಂದದ ಕಡೆಯವಳು, ಕನ್ನಡದವಳು. ಆಕೆ ನನ್ನ ಕೈ ಹಿಡಿದು ಹೇಳಿದಳು, "ಎವ್ವಾ, ನಮ್ಮ ಮೈಯಾಗ ರೋಗ ಕಾಯುವ ಕಾವಲು ಇರ್ತದ. ಆ ಕಾವಲೇ ನಿನ್ನ ಲಿವರಿನ ಮ್ಯಾಲೆ ತಿರುಗಿಬಿದ್ದದ. ಬೇಲಿನ ಎದ್ದು ಹೊಲ ಮೇದಂಗ."

ಇದಕ್ಕೆ ಆಟೋಇಮ್ಯೂನ್ ಹೆಪಟೈಟಿಸ್ ಅಂತ ಹೆಸರು. ಆ ಕಾವಲನ್ನು ತಗ್ಗಿಸಲು ಸ್ಟಿರಾಯ್ಡ್ ಗುಳಿಗೆ ಕೊಡಬೇಕು, ಎರಡು ಮೂರು ವರ್ಷವಂತೂ ಬೇಕು, ಬಹಳ ಮಂದಿಗೆ ಜನ್ಮ ಪೂರ್ತಿ ಬೇಕಾಗುತ್ತದೆ ಅಂದರು. ಸಕ್ಕರೆ ಬ್ಯಾನಿ ಬರಬಹುದು, ಎಲುಬು ಸವೆಯಬಹುದು. ನಾಳೆಯಿಂದ ಸುರು ಮಾಡೋಣ ಅಂತ ಹೇಳಿ ಹೋದರು. ನಾನು ಗ್ವಾಡಿಯ ಕಡೆ ತಿರುಗಿ ಮಲಗಿದೆ.

ಅವತ್ತೂ ರಾತ್ರಿ ಚಂಚಿಯಿಂದ ಆ ಗುಳಿಗೆ ತೆಗೆದು ನುಂಗಿದೆ. ಹೌದು, ದವಾಖಾನೆಯ ಹಾಸಿಗೆಯ ಮೇಲೂ ದಿನಾ ನುಂಗುತ್ತಿದ್ದೆ. ಬಿಟ್ಟರೆ ಉರಿ ಬರುತ್ತದೆ, ಬಂದರೆ ಇಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವುದೇ ನನ್ನ ಚಿಂತೆ.

ನನ್ನ ಮೊಮ್ಮಗಳು ವಿಜಯಪುರದಲ್ಲಿ ನರ್ಸಿಂಗ್ ಓದುತ್ತಾಳೆ. ಮರುದಿನ ಮುಂಜಾನೆ ನನ್ನನ್ನು ನೋಡಲು ಬಂದಳು. ಚಾ ತರುತ್ತೇನೆ ಅಂತ ರೊಕ್ಕಕ್ಕೆ ಚಂಚಿ ಬಿಚ್ಚಿದಳು. ಗುಳಿಗೆಯ ಪಾಕೀಟು ಕೈಗೆ ಬಂತು.

"ಆಯಿ, ಇದು ಯಾರದು?"

"ನಂದೇ. ಸುಮ್ಮ ಇಡು ಅದನ್ನ."

"ಎಷ್ಟು ದಿನಾ ಆತು ತಗೊಳ್ಳಾಕ ಹತ್ತಿ?"

ನಾನು ಬಾಯಿ ಬಿಡಲಿಲ್ಲ. ಆಕೆ ಬಾಗಿಲ ಹಾಕಿ ಬಂದು ನನ್ನ ಹಾಸಿಗೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಅಂದಳು, "ಆಯಿ, ನನಗೂ ಉರಿಮೂತ್ರ ಬಂದಿತ್ತು ಹೋದ ವರ್ಷ. ಹಾಸ್ಟೆಲಿನಾಗ ಅರ್ಧಾ ಹುಡುಗ್ಯಾರಿಗೆ ಬರ್ತದ. ಹೇಳು." ಆಗ ಎಲ್ಲಾ ಹೇಳಿದೆ. ಹೇಳುತ್ತ ಅತ್ತೆ. ಆಕೆ ಪಾಕೀಟು ಹಿಡಿದುಕೊಂಡು ಡಾಕ್ಟರರ ಕಡೆಗೆ ಓಡಿದಳು.

ಡಾಕ್ಟರರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಆ ಗುಳಿಗೆಯ ಹೆಸರು ನೈಟ್ರೋಫ್ಯೂರಾಂಟೊಯಿನ್. ಉರಿಮೂತ್ರಕ್ಕೆ ಎಪ್ಪತ್ತು ವರ್ಷದಿಂದ ಕೊಡುತ್ತ ಬಂದ ಔಷಧ, ಐದೋ ಏಳೋ ದಿನಕ್ಕೆ ಬಹಳ ಒಳ್ಳೆಯದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡರೆ ಎಲ್ಲೋ ಕೆಲವರಿಗೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಲಿವರಿಗೆ ಹೀಗೇ ಉರಿಯೂತ ತರುತ್ತದೆ. ರಕ್ತ ನೋಡಿದರೂ, ಚೂರು ತೆಗೆದು ದುರ್ಬೀನಿನಲ್ಲಿ ನೋಡಿದರೂ ಥೇಟ್ ಆಟೋಇಮ್ಯೂನ್ ಹೆಪಟೈಟಿಸ್ಸಿನಂತೆಯೇ ಕಾಣುತ್ತದೆ. ಎರಡನ್ನೂ ಬೇರೆ ಮಾಡುವ ಒಂದು ಖಚಿತ ಪರೀಕ್ಷೆ ಇಲ್ಲ. ಪೇಶಂಟ್ ಬಾಯಿಬಿಟ್ಟು ಹೇಳಿದರೆ ಮಾತ್ರ ದಾರಿ ಸಿಗುತ್ತದೆ ಅಂದರು.

ಔಷಧ ಲಿವರಿನಲ್ಲಿ ಒಡೆದು ಅದರ ತುಣುಕು ಲಿವರಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಆಗ ಮೈಯ ಕಾವಲು ಇದು ನಮ್ಮದಲ್ಲ ಅಂತ ತಿಳಿದು ಮೇಲೆ ಬೀಳುತ್ತದೆ, ಡಾಕ್ಟರರು ತಿಳಿದುಕೊಂಡದ್ದು ಹೀಗೆ. ಮೊಮ್ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ನನಗೆ ನಮ್ಮ ಆಕಳು ನೆನಪಾಯಿತು. ಒಂದು ಸಲ ಎಳೆಗರುವಿನ ಗಾಯಕ್ಕೆ ವಾಸನೆಯ ಎಣ್ಣೆ ಹಚ್ಚಿದ್ದೆವು. ತಾಯಿ ಮೂಸಿ ನೋಡಿ ತನ್ನದಲ್ಲ ಅಂತ ಒದ್ದಿತು. ಹೊಟ್ಟೆಯಲ್ಲಿ ಹುಟ್ಟಿದ ಕರುವನ್ನೇ. ಎಣ್ಣೆ ತೊಳೆದು, ಮೈಗೆ ಹಿಂಡಿ ಸವರಿದ ಮೇಲೆ ನೆಕ್ಕಿ ಮೊಲೆಗೆ ಬಿಟ್ಟುಕೊಂಡಿತು. ನನ್ನ ಲಿವರಿಗೂ ಹಾಗೇ ಬೇರೆ ವಾಸನೆ ಹತ್ತಿತ್ತು.

ಆ ಹೊತ್ತಿನಿಂದ ಗುಳಿಗೆ ಬಂದ್. ಎದೆಯ ಎಕ್ಸ್‌ರೇಯನ್ನೂ ತೆಗೆದರು, ಯಾಕಂದರೆ ಬಹಳ ದಿನ ತಗೊಂಡರೆ ಈ ಗುಳಿಗೆ ಕೆಲವರ ಪುಪ್ಪುಸಕ್ಕೂ ಕೂಡುತ್ತದಂತೆ. ಎದೆ ಸ್ವಚ್ಛ ಇದೆ ಅಂದಾಗ ನನಗೆ ಮೊದಲ ಸಲ ಜೀವ ಬಂದಂತಾಯಿತು. ಲಿವರ್ ಏನಾದರೂ ಆಗಲಿ, ಉಸಿರು ಉಳಿಯಿತಲ್ಲ.

ಐದು ದಿನ ಕಾಯ್ದರು. ಹಳದಿ ಇಳಿಯಲಿಲ್ಲ. ಬರೇ ಗುಳಿಗೆ ಬಿಟ್ಟರೆ ಕೆಲವರಿಗೆ ತಾನೇ ಇಳಿಯುತ್ತದೆ, ನನ್ನದು ಜಾಸ್ತಿ ಆಗಿತ್ತು. ಹೀಗಾಗಿ ಸ್ಟಿರಾಯ್ಡ್ ಕೊಡಲೇಬೇಕಾಯಿತು. 40 ಮಿಲಿಗ್ರಾಂನಿಂದ ಸುರು ಮಾಡಿ ಸಾವಕಾಶ ಇಳಿಸುತ್ತ ಬಂದರು. ಮುಖ ಬುಂದೆ ಉಂಡಿಯಂತೆ ಊದಿತು, ರಾತ್ರಿ ನಿದ್ದೆ ಹತ್ತಲಿಲ್ಲ. ಆದರೆ ಮೂರು ವಾರದಲ್ಲಿ ಕಣ್ಣು ತಿಳಿಯಾದವು. ಎರಡು ತಿಂಗಳಿಗೆ ಎಸ್‌ಜಿಪಿಟಿ 52ಕ್ಕೆ ಬಂತು.

ಆರು ತಿಂಗಳಾದ ಮೇಲೆ ಡಾಕ್ಟರರು ಸ್ಟಿರಾಯ್ಡ್ ಪೂರಾ ನಿಲ್ಲಿಸಿದರು. ಖರೆ ಪರೀಕ್ಷೆ ಅಲ್ಲಿಂದ ಮುಂದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2010ರಲ್ಲಿ ಅಚ್ಚು ಹಾಕಿಸಿದ ಒಂದು ಲೆಕ್ಕವನ್ನು ಅವರು ಮೊಮ್ಮಗಳಿಗೆ ತೋರಿಸಿದ್ದರು, ಆಕೆ ನನಗೆ ಓದಿ ಹೇಳಿದಳು. ಆಟೋಇಮ್ಯೂನ್ ಹೆಪಟೈಟಿಸ್ ಅಂತ ಕಂಡ 261 ಮಂದಿಯಲ್ಲಿ 24 ಮಂದಿಗೆ ಅದು ಔಷಧದಿಂದ ಬಂದಿತ್ತು. ಅವರಲ್ಲಿ 11 ಮಂದಿ ತಗೊಂಡದ್ದು ನನ್ನ ಗುಳಿಗೆಯನ್ನೇ, ಇನ್ನು 11 ಮಂದಿಯದು ಮಿನೊಸೈಕ್ಲಿನ್, ಅದನ್ನು ಮುಖದ ಮೊಡವೆಗೆ ಕೊಡುತ್ತಾರೆ. ಔಷಧದಿಂದ ಬಂದವರಲ್ಲಿ 14 ಮಂದಿಗೆ ಚಿಕಿತ್ಸೆ ನಿಲ್ಲಿಸಿ ನೋಡಿದರೆ ಒಬ್ಬರಿಗೂ ತಿರುಗಿ ಬರಲಿಲ್ಲ. ಉಳಿದವರಿಗೆ ನಿಲ್ಲಿಸಿದಾಗ ನೂರಕ್ಕೆ 65 ಮಂದಿಗೆ ತಿರುಗಿ ಬಂತು. ಅಂದರೆ ನನಗೆ ತಿರುಗಿ ಬಂದರೆ ಬೇಲಿಯದೇ ತಪ್ಪು, ಬಾರದಿದ್ದರೆ ಗುಳಿಗೆಯದು.

ಪ್ರತಿ ತಿಂಗಳು ರಕ್ತ ಕೊಟ್ಟು ರಿಪೋರ್ಟಿನ ದಾರಿ ಕಾಯುವುದು. ಮಳೆಗೆ ಕಾಯ್ದವಳು ನಾನು, ಕಾಯುವುದು ಹೊಸದಲ್ಲ. ಆದರೂ ಆ ಕಾಗದ ಬಿಚ್ಚುವಾಗ ಮಗನ ಕೈ ನಡುಗುತ್ತಿತ್ತು. ಮೊದಲ ತಿಂಗಳು 31. ಎರಡನೇ ತಿಂಗಳು 28. ಹಾಗೇ ಒಂದು ವರ್ಷ ದಾಟಿತು, 40 ದಾಟಲಿಲ್ಲ. ಎಎನ್‌ಎ ಕೂಡ ಇಳಿದುಹೋಯಿತು. ಡಾಕ್ಟರರು ನಕ್ಕು ಅಂದರು, "ಆಜಿ, ಇನ್ನು ವರ್ಷಕ್ಕೊಮ್ಮೆ ಬರ್ರಿ. ಆ ಗುಳಿಗಿ ಮಾತ್ರ ಜನ್ಮದಾಗ ಮುಟ್ಟಬ್ಯಾಡ್ರಿ." ಅಷ್ಟು ಕನ್ನಡ ಅವರು ನನ್ನಿಂದಲೇ ಕಲಿತದ್ದು.

ಉರಿಮೂತ್ರಕ್ಕೆ ಈಗ ಏನು ಮಾಡುತ್ತೀ ಅಂತ ಕೇಳಬಹುದು. ಹೊಲಕ್ಕೆ ಹೋಗುವಾಗ ಎರಡು ಬಾಟಲಿ ನೀರು ಒಯ್ಯುತ್ತೇನೆ. ಬದುವಿನ ಮೂಲೆಗೆ ಮಗ ತಟ್ಟು ಕಟ್ಟಿ ಮರೆ ಮಾಡಿಕೊಟ್ಟಿದ್ದಾನೆ, ಕಳೆಗೆ ಬರುವ ಹೆಣ್ಣಾಳುಗಳೆಲ್ಲ ಅದನ್ನೇ ಬಳಸುತ್ತಾರೆ. ಭಜನೆಗೆ ಕರೆಯಲು ಬಂದವರಿಗೆ ಮೊದಲೇ ಕೇಳುತ್ತೇನೆ, ಹೆಣ್ಣುಮಕ್ಕಳಿಗೆ ಸಂಡಾಸದ ವ್ಯವಸ್ಥೆ ಅದ ಏನ್ರಿ ಅಂತ. ಮೊದಲು ಅವರು ಮುಖ ತಿರುಗಿಸುತ್ತಿದ್ದರು, ಈಗ ರೂಢಿಯಾಗಿದೆ. ಈಚೆಗೆ ಒಂದೇ ಸಲ ಬಂತು, ಬೇರೆ ಔಷಧ ಐದು ದಿನ ತಗೊಂಡೆ, ನಿಲ್ಲಿಸಿದೆ.

ಇದನ್ನು ಓದಿ ಯಾರೂ ತಮ್ಮ ಗುಳಿಗೆಯನ್ನು ತಾವೇ ಬಿಡಬಾರದು. ನನಗೆ ಆದದ್ದು ಎಲ್ಲರಿಗೂ ಆಗುವುದಲ್ಲ, ಬಹಳ ಕಡಿಮೆ ಮಂದಿಗೆ ಆಗುವಂಥದ್ದು. ನಾನು ಹೇಳುವುದು ಇಷ್ಟೇ. ಮೂರು ತಿಂಗಳಿಗೆ ಬಂದು ತೋರಿಸು ಅಂದರೆ ಹೋಗಿ ತೋರಿಸಿರಿ. ದಿನಾ ತಗೊಳ್ಳುವ ಗುಳಿಗೆ ಇದ್ದರೆ ಲಿವರಿನ ರಕ್ತ ಯಾವಾಗ ನೋಡಬೇಕು ಅಂತ ಡಾಕ್ಟರರನ್ನು ಕೇಳಿರಿ. ಹಳೆಯ ಪಾಕೀಟು ತೋರಿಸಿ ಅಂಗಡಿಯಿಂದ ವರ್ಷಗಟ್ಟಲೆ ತರಬೇಡಿ. ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಎರಡು ರವಿವಾರ ಕಾಯಬೇಡಿ. ಡಾಕ್ಟರರ ಮುಂದೆ ಎಲ್ಲಾ ಗುಳಿಗೆ, ಎಲ್ಲಾ ಸೊಪ್ಪು ಹೇಳಿರಿ. ಗಂಡಸರ ಮುಂದೆ ಹೇಳಲಾಗದಿದ್ದರೆ ಅವರನ್ನು ಹೊರಗೆ ಕಳಿಸಿ ಅಂತ ಕೇಳಿರಿ, ಕಳಿಸುತ್ತಾರೆ. ಶಾಲೆಯ ಮಾಸ್ತರರು, ಬಾಯಿಯವರು ಈ ಮಾತನ್ನು ದೊಡ್ಡ ಹುಡುಗಿಯರಿಗೆ ಹೇಳಿದರೆ ಒಳ್ಳೆಯದು. ನನಗೆ ಯಾರೂ ಹೇಳಿರಲಿಲ್ಲ.

ನನ್ನ ಹಾಡಿನ ವಹಿಯ ಮೊದಲ ಪುಟದಲ್ಲಿ ಗಣಪತಿಯ ಪದ ಇತ್ತು. ಅದರ ಮೇಲಿನ ಖಾಲಿ ಜಾಗದಲ್ಲಿ ಮೊಮ್ಮಗಳು ನನ್ನ ಕೈಯಿಂದಲೇ ಬರೆಸಿದ್ದಾಳೆ: ನೈಟ್ರೋಫ್ಯೂರಾಂಟೊಯಿನ್, ನನಗೆ ಕೊಡಬಾರದು. ಬರೆಯುವಾಗ ನಾಲ್ಕು ಸಲ ಅಳಿಸಿದೆ. ಈಗ ನೋಡದೆ ಬರೆಯುತ್ತೇನೆ. ಯಾವ ದವಾಖಾನೆಗೆ ಹೋದರೂ ಚಂಚಿಯ ಸಂಗಟ ಆ ವಹಿಯನ್ನೂ ಒಯ್ಯುತ್ತೇನೆ.